ಹುಲ್ಲಿಗೆ ರೊಕ್ಕ ಕೊಟ್ಟೆವು: ಲಾವಂಚದ ಸಸಿ ಮತ್ತು ನಾರಿನ ಬಲೆ, ಎರಡು ಮಳೆಗಾಲದ ನಂತರ

ಅಂಕ ಮೊದಲೇ ಹಾಕಿಬಿಡುತ್ತೇನೆ, ಪೂರ್ತಿ ಓದುವ ಪುರುಸೊತ್ತು ಎಲ್ಲರಿಗೂ ಇರುವುದಿಲ್ಲ. ಜಾರುವ ಮಣ್ಣನ್ನು ಹಿಡಿಯಲಿ ಅಂತ ಹಚ್ಚಿಸಿದ ಲಾವಂಚದ ಹುಲ್ಲಿಗೆ ಐದಕ್ಕೆ ನಾಲ್ಕೂವರೆ. ತೆಂಗಿನ ನಾರಿನ ಬಲೆಗೆ ಮೂರೂವರೆ. ಇವೆರಡನ್ನೂ ಮಾರಿದ ನರ್ಸರಿಗೆ ಎರಡೂವರೆ, ಅದರಲ್ಲೂ ಅರ್ಧ ಅಂಕ ಅವರ ಲಾರಿ ಡ್ರೈವರಿನದು. ನರ್ಸರಿಯ ಹೆಸರು ಮಾತ್ರ ಕೇಳಬೇಡಿ. ಹೈದರಾಬಾದ್ ರಸ್ತೆಯುದ್ದಕ್ಕೂ ನರ್ಸರಿಗಳಿವೆ, ಅದರಲ್ಲೊಂದು ಅಂತಿಟ್ಟುಕೊಳ್ಳಿ. ನಾಳೆ ಮತ್ತೆ ಅವರ ಬಾಗಿಲಿಗೇ ಹೋಗಬೇಕಾದವಳು ನಾನು.

ನಾನು ಡಿಪ್ಲೊಮಾ ಸಿವಿಲ್ ಓದಿದವಳು. ಕಲಬುರಗಿಯಲ್ಲಿದ್ದುಕೊಂಡು ಸಣ್ಣಪುಟ್ಟ ಗುತ್ತಿಗೆ ಹಿಡಿಯುತ್ತೇನೆ: ಕಂಪೌಂಡು, ಗಟಾರ, ಕೃಷಿ ಹೊಂಡ, ಪ್ಲಾಟು ಸಮ ಮಾಡಿಸುವುದು. ಎಲ್ಲಾದರೂ ಮಣ್ಣು ಜಾರಿತು ಅಂದರೆ ನಮ್ಮ ಗೌಂಡಿಗಳಿಗೆ ಹೊಳೆಯುವುದು ಒಂದೇ, ಕಲ್ಲು. ಶಹಾಬಾದ ಪರ್ಸಿ ಸಿಗುವ ಜಿಲ್ಲೆಯಲ್ಲಿ ಕಲ್ಲಿಗೇನು ಬರ? ತೊಂದರೆ ಇರುವುದು ಕಲ್ಲಿನ ಕೆಳಗೆ. ನಮ್ಮ ಎರೆ ಮಣ್ಣು ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಾಯಿ ಬಿಡುತ್ತದೆ, ಮಳೆ ಬಿದ್ದರೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಪ್ರತಿ ವರ್ಷ ಹೀಗೆ ಏಳುತ್ತ ಇಳಿಯುತ್ತ ಇರುವ ಮಣ್ಣಿನ ಮೇಲೆ ಪಿಚಿಂಗ್, ಅಂದರೆ ಇಳಿಜಾರಿಗೆ ಕಲ್ಲಿನ ಹೊದಿಕೆ, ಮಾಡಿಸಿದರೆ ಎರಡು ಮೂರು ವರ್ಷದಲ್ಲಿ ಸಂದು ಬಿಟ್ಟು, ಕಲ್ಲು ಒಂದೊಂದಾಗಿ ಹೊಂಡಕ್ಕೆ ಇಳಿಯುತ್ತದೆ. ಬಿಲ್ಲು ಮಾತ್ರ ಕಲ್ಲಿನಷ್ಟೇ ಗಟ್ಟಿ.

ಎರಡು ಕಡೆ ಈ ಹುಲ್ಲು ಹಚ್ಚಿಸಿದ್ದೇನೆ. ಎರಡರ ಮಣ್ಣೂ ಬೇರೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿರುವುದು.

ಒಂದು, ಆಳಂದ ತಾಲ್ಲೂಕಿನಲ್ಲಿ ನನ್ನ ಮೈದುನನ ಹೊಲ. ತೊಗರಿ ಹೊಲದ ಮೂಲೆಯಲ್ಲಿ 21 ಮೀಟರ್ ಚೌಕದ ಕೃಷಿ ಹೊಂಡ. 2020ರ ಅಕ್ಟೋಬರದಲ್ಲಿ ಭೀಮೆ ಉಕ್ಕಿದ್ದು ನೆನಪಿದೆಯಲ್ಲ, ಆ ಮಳೆಗೆ ಹೊಂಡದ ಒಡ್ಡು ಒಂದು ಮಗ್ಗುಲು ಕುಸಿಯಿತು. ಮಣ್ಣು ಹಾಕಿ ದುರಸ್ತಿ ಮಾಡಿದರು, ಮತ್ತೆ ಕುಸಿಯಿತು. ಲಾವಂಚ ಹಚ್ಚೋಣ ಅಂತ ನಾನು ಅಂದಾಗ ಮೈದುನ ಕೊಟ್ಟ ಉತ್ತರ ಇನ್ನೂ ಮನೆಯಲ್ಲಿ ಓಡಾಡುತ್ತಿದೆ: "ವೈನಿ, ಹುಲ್ಲ ಕೀಳ್ಲಾಕ ಆಳಿಗಿ ಪಗಾರ ಕೊಡ್ತೀವಿ. ನೀವ್ ನೋಡಿದ್ರ ಹುಲ್ಲ ತರ್ಲಾಕ ರೊಕ್ಕ ಕೊಡು ಅಂತೀರಿ." ನ್ಯಾಯವಾದ ಮಾತೇ. ಕರಿಕೆ ಕಿತ್ತು ಕಿತ್ತು ಸೊಂಟ ಬಿದ್ದ ರೈತನಿಗೆ ಹುಲ್ಲು ಮಾರುವುದು ಸುಲಭದ ಕೆಲಸವಲ್ಲ.

ಇನ್ನೊಂದು, ಬೀದರ್ ಊರಂಚಿನಲ್ಲಿ ಪರಿಚಯದವರ ಮನೆ. ಪ್ಲಾಟು ಸಮ ಮಾಡಲು ಹಿಂದಿನ ದಿಬ್ಬವನ್ನು ಜೆಸಿಬಿಯಿಂದ ಕಡಿಸಿದ್ದರು. ನಾಲ್ಕು ಮೀಟರ್ ಎತ್ತರ, ಇಪ್ಪತ್ತು ಮೀಟರ್ ಉದ್ದ, ಒಂದಕ್ಕೆ ಒಂದರ ಇಳಿಜಾರು, ಅಂದರೆ ಮೀಟರ್ ಎತ್ತರಕ್ಕೆ ಮೀಟರ್ ಅಡ್ಡ. ಪ್ರತಿ ಮಳೆಗೆ ಅಡುಗೆಮನೆಯ ಹಿಂದೆ ಒಂದಿಷ್ಟು ಕೆಂಪು ರಾಡಿ.

ಮೈದುನನನ್ನು ಒಪ್ಪಿಸಿದ್ದು ಹೇಗೆ ಅಂದರೆ, ಹುಲ್ಲಿನ ಹೆಸರು ಬದಲಿಸಿ. ಖಸ್ ಅಂದೆ. ಕಲಬುರಗಿಯ ಬೇಸಿಗೆಯಲ್ಲಿ ಖಸ್ ಯಾರಿಗೆ ಗೊತ್ತಿಲ್ಲ? ಕೂಲರಿನ ಪ್ಯಾಡು, ಹಿಂದಿನವರ ಬಾಗಿಲಿನ ಟಟ್ಟಿ, ಮಡಕೆಯ ನೀರಿಗೆ ಹಾಕುವ ಬೇರಿನ ಕಟ್ಟು. ಆ ಬೇರಿನ ಹುಲ್ಲೇ ಇದು. ಸಾಮಾನ್ಯ ಹುಲ್ಲಿನ ಬೇರು ಒಂದು ಗೇಣಿನ ಆಸುಪಾಸಿನಲ್ಲಿ ಅಡ್ಡಡ್ಡ ಹರಡಿದರೆ, ಇದರದು ನೆಟ್ಟಗೆ ಕೆಳಗೆ ಇಳಿಯುತ್ತದೆ. ಒಳ್ಳೆಯ ಮಣ್ಣು, ನೀರು ಸಿಕ್ಕರೆ ಮೊದಲ ವರ್ಷವೇ ಎರಡು ಮೂರು ಮೀಟರ್. ಬೇರಿನ ಎಳೆತ ತಾಳುವ ಶಕ್ತಿಯನ್ನು ಮಲೇಷ್ಯಾದಲ್ಲಿ ಅಳೆದಿದ್ದಾರೆ, ಸರಾಸರಿ 75 ಮೆಗಾಪಾಸ್ಕಲ್, ಸಾದಾ ಉಕ್ಕಿನ ಹತ್ತಿರ ಹತ್ತಿರ ಆರನೇ ಒಂದು ಪಾಲು. ದಕ್ಷಿಣ ಭಾರತದ ಜಾತಿ ಮೊಳೆಯುವ ಬೀಜ ಕಟ್ಟುವುದಿಲ್ಲ, ಬಳ್ಳಿಯ ಹಾಗೆ ಹಬ್ಬುವುದೂ ಇಲ್ಲ. ಹಚ್ಚಿದಲ್ಲೇ ಬುಡ ದಪ್ಪವಾಗುತ್ತದೆ, ಅಷ್ಟೆ. ತೊಗರಿ ಸಾಲಿಗೆ ನುಗ್ಗುವುದಿಲ್ಲ ಅನ್ನುವುದು ಖಾತ್ರಿಯಾದ ಮೇಲೇ ಮೈದುನ ಹೂಂ ಅಂದದ್ದು.

ಇದೇನು ಹೊರಗಿನಿಂದ ಬಂದ ವಿದ್ಯೆ ಅಂತ ತಿಳಿಯಬೇಡಿ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಜಾನ್ ಗ್ರೀನ್‌ಫೀಲ್ಡ್, ರಿಚರ್ಡ್ ಗ್ರಿಮ್‌ಶಾ ಮಣ್ಣು ಹಿಡಿಯಲು ಲಾವಂಚವೇ ಸರಿ ಅಂತ ಊರೂರಿಗೆ ಹೇಳಿಕೊಂಡು ಬಂದರು, ನಿಜ. ಆದರೆ ಅವರು ಉದಾಹರಣೆಗೆ ತೋರಿಸಿದ್ದು ನಮ್ಮದೇ ಗುಂಡ್ಲುಪೇಟೆ ಕಡೆಯ ಹೊಲಗಳನ್ನು. ಅಲ್ಲಿನ ರೈತರು ತಲೆಮಾರುಗಳಿಂದ ಹೊಲದ ಗಡಿಗೆ ಈ ಹುಲ್ಲಿನ ಬೇಲಿ ಹಾಕಿಕೊಂಡು ಬಂದಿದ್ದರು. ಅಲ್ಲಿ ಮೊದಲಿನಿಂದ ಇದ್ದದ್ದಕ್ಕೆ ಇಲ್ಲಿ ನಾನು ಈಗ ವಿಮರ್ಶೆ ಬರೆಯುತ್ತಿದ್ದೇನೆ!

ಇನ್ನು ಖರೀದಿ. ಸಸಿ ಎರಡು ನಮೂನೆ ಸಿಗುತ್ತದೆ. ಬರಿಬೇರಿನ ತೆಂಡೆ (ಬುಡದಿಂದ ಒಡೆದು ತೆಗೆದ ಕವಲುಗಳ ಗೊಂಚಲು) ಒಂದಕ್ಕೆ ಮೂರು ರೂಪಾಯಿ ಬಿತ್ತು, ಪಾಲಿಬ್ಯಾಗಿನಲ್ಲಿ ಬೆಳೆಸಿದ್ದಕ್ಕೆ ಹತ್ತು. ಬರಿಬೇರಿನದನ್ನು ಒದ್ದೆ ಗೋಣಿಚೀಲದಲ್ಲಿ ಕಟ್ಟಿ ಕಳಿಸುತ್ತಾರೆ. ಆಳಂದಕ್ಕೆ ಬಂದ ಚೀಲಗಳಲ್ಲಿ ಒಂದನ್ನು ಬಿಚ್ಚಿದ ತಕ್ಷಣ ಹೊಲದಲ್ಲೆಲ್ಲ ನಿಂಬೆ ವಾಸನೆ. ಆಳಿಗೆ ಬಂದಿದ್ದ ಹೆಣ್ಣುಮಗಳೊಬ್ಬಳು ಎಲೆ ಕಿತ್ತು ಅಂಗೈಯಲ್ಲಿ ತಿಕ್ಕಿ ಮೂಸಿ, "ಅಕ್ಕೋರ, ಇದು ಚಾದಾಗ ಹಾಕೋ ಹುಲ್ಲು ನೋಡ್ರಿ" ಅಂದಳು. ಅವಳು ಹೇಳಿದ್ದು ಸರಿ. ಒಂದು ಚೀಲ ಪೂರ್ತಿ ನಿಂಬೆ ಹುಲ್ಲು.

ಇದನ್ನು ಗುರುತಿಸುವುದು ಕಲಿತುಕೊಳ್ಳಿ, ಹಣ ಉಳಿಯುತ್ತದೆ. ಲಾವಂಚದ ಎಲೆಯನ್ನು ಎಷ್ಟು ತಿಕ್ಕಿದರೂ ಸುವಾಸನೆ ಬರುವುದಿಲ್ಲ, ಪರಿಮಳವೆಲ್ಲ ಬೇರಿನಲ್ಲಿ. ನಿಂಬೆ ಹುಲ್ಲಿನದು ತದ್ವಿರುದ್ಧ. ಲಾವಂಚದ ಬುಡ ಹಿಡಿದು ನೋಡಿ, ಎಲೆಗಳು ಎರಡೇ ಕಡೆ ಒಂದರ ಮೇಲೊಂದು ಕೂತು ಬುಡ ಚಪ್ಪಟೆಯಾಗಿರುತ್ತದೆ, ಬೆರಳಿಗೆ ಗಟ್ಟಿ ಹತ್ತುತ್ತದೆ. ನಿಂಬೆ ಹುಲ್ಲಿನ ಬುಡ ದುಂಡಗೆ, ಕೆಳಗೆ ಸ್ವಲ್ಪ ಉಬ್ಬಿರುತ್ತದೆ. ನಿಂಬೆ ಹುಲ್ಲು ಕೆಟ್ಟದ್ದೇನಲ್ಲ, ಆದರೆ ಅದರ ಬೇರು ಮೇಲೆಯೇ ನಿಲ್ಲುತ್ತದೆ. ಒಡ್ಡಿನ ಸಾಲಿನಲ್ಲಿ ನಡುವೆ ಅದು ಬಂದರೆ ಅಲ್ಲೇ ಕಿಂಡಿ ಬಿದ್ದ ಹಾಗೆ.

ಫೋಟೊ ತೆಗೆದು ಕಳಿಸಿದೆ. ನರ್ಸರಿಯವರು ಮೊದಲು "ಅದೂ ಲಾವಂಚದ ಜಾತಿನೇ ಮೇಡಂ" ಅಂದರು. ಆಮೇಲೆ ಫೋನೇ ಎತ್ತಲಿಲ್ಲ. ಕೊನೆಗೆ ಅವರ ಡ್ರೈವರು, ಪಾಪ, ಬೇರೆ ಲೋಡಿನ ಜೊತೆ ಸರಿಯಾದ ಚೀಲ ತಂದು ಇಳಿಸಿ ಹೋದ. ಬಾಡಿಗೆ ಕೇಳಲಿಲ್ಲ. ಆ ಅರ್ಧ ಅಂಕ ಇವನದೇ. ಆದರೆ ತಳಿ ಯಾವುದು ಅಂತ ಕೇಳಿದರೆ ನರ್ಸರಿಯಲ್ಲಿ ಒಬ್ಬರಿಗೂ ಗೊತ್ತಿಲ್ಲ. ಇದು ಸಣ್ಣ ಮಾತಲ್ಲ. ಉತ್ತರ ಭಾರತದ ಕಾಡು ಜಾತಿ ಹೂ ಬಿಟ್ಟು ಬೀಜ ಉದುರಿಸುತ್ತದೆ, ಅದನ್ನು ಹೊಲದ ಬದಿಗೆ ತಂದಿಟ್ಟುಕೊಂಡರೆ ಕಳೆ ಸಾಕಿಕೊಂಡಂತೆ. ತಾಯಿ ಗಿಡ ಎಲ್ಲಿಂದ ತಂದದ್ದು ಅಂತ ಹೇಳಲಾಗದವರ ಹತ್ತಿರ ಕೊಳ್ಳುವ ಮುಂಚೆ ಎರಡು ಸಲ ಯೋಚಿಸಿ. ನಮಗೆ ಬಂದ ಗಿಡದಲ್ಲಿ ತೆನೆ ಬಂದರೂ ಅಕ್ಕಪಕ್ಕ ಒಂದೂ ಮರಿ ಎದ್ದಿಲ್ಲ.

ಪಾಲಿಬ್ಯಾಗ್ ಸಸಿಯ ಬಗ್ಗೆ ನನ್ನ ಅಭಿಪ್ರಾಯ ಅಷ್ಟು ಒಳ್ಳೆಯದಿಲ್ಲ. ಬೀದರಿಗೆ ಅದನ್ನೇ ತರಿಸಿದ್ದು, ಕಡಿದಾದ ಜಾಗದಲ್ಲಿ ಬೇಗ ಹತ್ತಲಿ ಅಂತ. ಬ್ಯಾಗು ಸೀಳಿದರೆ ಕೆಲವದರಲ್ಲಿ ಬೇರು ತಳದಲ್ಲಿ ಸುತ್ತಿ ಸುತ್ತಿ ಸಿಂಬಿಯಾಗಿತ್ತು, ಅಂದರೆ ತಿಂಗಳುಗಟ್ಟಲೆ ನರ್ಸರಿಯಲ್ಲೇ ಕೂತ ಮಾಲು. ಅಂಥದ್ದರ ತಳ ಕತ್ತರಿಸಿಯೇ ಹಚ್ಚಬೇಕು. ಕತ್ತರಿಸುವುದೇ ಆದರೆ ಮೂರು ರೂಪಾಯಿಯದೇ ಸಾಕಿತ್ತಲ್ಲ?

ಹಚ್ಚುವ ಕ್ರಮ. ನರ್ಸರಿಯವರು ಕೊಟ್ಟ ಪಾಂಪ್ಲೆಟ್ಟಿನಲ್ಲಿ "ನೆಟ್ಟು ಮರೆತುಬಿಡಿ" ಅಂತ ದಪ್ಪ ಅಕ್ಷರದಲ್ಲಿದೆ. ಆ ಸಾಲನ್ನು ಮೊದಲು ಹೊಡೆದುಹಾಕಿ. ತೆಂಡೆಯನ್ನು ಎರಡು ಮೂರು ಕವಲಿನ ಹಾಗೆ ಬಿಡಿಸಿ, ಎಲೆಯನ್ನು ಗೇಣುದ್ದಕ್ಕೆ, ಬೇರನ್ನು ನಾಲ್ಕು ಬೆರಳಿಗೆ ಕತ್ತರಿಸಿ, ಸಗಣಿ ರಾಡಿಯಲ್ಲಿ ಅದ್ದಿ ಹಚ್ಚಬೇಕು. ಒಂದಕ್ಕೊಂದು 10ರಿಂದ 15 ಸೆಂಟಿಮೀಟರ್. ಇದಕ್ಕಿಂತ ದೂರ ಹಚ್ಚಿ ದುಡ್ಡು ಉಳಿಸಲು ಹೋದರೆ ಎರಡು ಬುಡದ ನಡುವೆ ನೀರು ದಾರಿ ಮಾಡಿಕೊಳ್ಳುತ್ತದೆ. ಎಲ್ಲಕ್ಕಿಂತ ಮುಖ್ಯ, ಸಾಲು ಸಮಮಟ್ಟದಲ್ಲಿರಬೇಕು. ಕಣ್ಣಂದಾಜು ನಡೆಯುವುದಿಲ್ಲ. ಗೌಂಡಿಗಳು ನೆಲ ಹಾಕುವಾಗ ಬಳಸುವ ನೀರಿನ ಪೈಪಿನ ಲೆವೆಲ್ ಸಾಕು. ಸಾಲು ಒಂದು ಕಡೆ ಇಳಿದಿದ್ದರೆ ಹರಿಯುವ ನೀರೆಲ್ಲ ಆ ತುದಿಗೆ ಬಂದು ಅಲ್ಲೇ ಕೊರೆಯುತ್ತದೆ. ಈ ಹುಲ್ಲು ನೀರನ್ನು ಕಟ್ಟಿಹಾಕುವುದಿಲ್ಲ, ಬೇಲಿಯ ಸಂದಿನಲ್ಲಿ ನಿಧಾನಕ್ಕೆ ಸೋಸಿ ಬಿಡುತ್ತದೆ. ನೀರು ವೇಗ ಕಳೆದುಕೊಂಡಾಗ ಹೊತ್ತು ತಂದ ಮಣ್ಣನ್ನು ಅಲ್ಲೇ ಕೆಡವುತ್ತದೆ, ಹಾಗಾಗಿ ಸಾಲಿನ ಹಿಂದೆ ವರ್ಷ ವರ್ಷ ಒಂದು ಮೆಟ್ಟಿಲು ತಾನಾಗಿ ಕಟ್ಟಿಕೊಳ್ಳುತ್ತದೆ.

ಆಳಂದದಲ್ಲಿ ಒಡ್ಡಿನ ಹೊರಮೈಗೆ ಎರಡು ಸಾಲು, ಒಳಮೈಯ ಮೇಲಂಚಿಗೆ ಒಂದು. ಒಟ್ಟು 300 ಮೀಟರಿನಷ್ಟು ಸಾಲು, ಎರಡು ಸಾವಿರ ತೆಂಡೆ. ಅದಕ್ಕೂ ಮೊದಲು ಕುಸಿದ ಒಡ್ಡನ್ನು ಒಂದಕ್ಕೆ ಎರಡರ ಇಳಿಜಾರಿಗೆ ಸವರಿಸಿದೆ. ಮಣ್ಣು ಜಾಗ ಹೆಚ್ಚು ತಿಂದಿತು ಅಂತ ಮೈದುನ ಗೊಣಗಿದ, ಆದರೆ ಎರೆ ಮಣ್ಣನ್ನು ನೆಟ್ಟಗೆ ನಿಲ್ಲಿಸಿ ಹುಲ್ಲಿಗೆ ಹಿಡಿದುಕೋ ಅನ್ನುವುದು ಹುಲ್ಲಿಗೆ ಮಾಡುವ ಅನ್ಯಾಯ. ಜುಲೈ ಮೊದಲ ಮಳೆಗಳಲ್ಲಿ ಹಚ್ಚಿದ್ದು, ನಡುವೆ ಮಳೆ ಕೈಕೊಟ್ಟಿತು. ನಮ್ಮ ಕಡೆ ಅದು ಕೊಡುವುದೇ. ಹೊಂಡದ ನೀರನ್ನೇ ಎತ್ತಿ ಹಾಕಿಸಿದೆವು. ಆ ಒಣಗಾಲದಲ್ಲಿ ನೀರು ಸಿಕ್ಕ ಮೂರು ಮಗ್ಗುಲು ಚೆನ್ನಾಗಿ ಹತ್ತಿತು, ಪೈಪು ಮುಟ್ಟದ ನಾಲ್ಕನೇ ಮಗ್ಗುಲಲ್ಲಿ ಬಹಳಷ್ಟು ಒಣಗಿತು. ಮರುವರ್ಷ ಹತ್ತಿದ ಬುಡಗಳನ್ನೇ ಒಡೆದು ಅಲ್ಲಿ ತುಂಬಿಸಿದೆವು, ಹೊಸದಾಗಿ ಕೊಳ್ಳಲಿಲ್ಲ. ಇದು ಈ ಹುಲ್ಲಿನ ದೊಡ್ಡ ಗುಣ, ಒಂದು ಬುಡ ವರ್ಷದಲ್ಲಿ ಹತ್ತಾರು ತೆಂಡೆ ಕೊಡುತ್ತದೆ. ನರ್ಸರಿಯವರು ಈ ಮಾತನ್ನು ಪಾಂಪ್ಲೆಟ್ಟಿನಲ್ಲಿ ಹಾಕಿಲ್ಲ, ಹಾಕುವುದೂ ಇಲ್ಲ.

ಫಲಿತಾಂಶ: ಹೊರಮೈಯಲ್ಲಿ ಕೊರಕಲು ನಿಂತಿದೆ. ಒಡ್ಡಿನ ಮೇಲೆ ಬೇಸಿಗೆಯ ಬಿರುಕು ಈಗಲೂ ಬೀಳುತ್ತದೆ, ಆದರೆ ಸಾಲಿನ ಹತ್ತಿರ ಬಂದಾಗ ತೆಳ್ಳಗಾಗಿ ನಿಲ್ಲುತ್ತದೆ. ಬಿರುಕಿಗೆ ಇಳಿದ ಮೊದಲ ಮಳೆ ನೀರೇ ಎರೆ ಒಡ್ಡಿನ ಶತ್ರು, ಒಳಗೆ ಮೆತ್ತಗಾಗಿ ಒಂದು ಹೋಳು ಪೂರ್ತಿ ಜಾರುತ್ತದೆ. ಹೋದ ಮಳೆಗಾಲದಲ್ಲಿ ಹಾಗೆ ಜಾರಲಿಲ್ಲ. ಆಡು ಮಾತ್ರ ಬಿಡುತ್ತಿಲ್ಲ. ಎಳೆ ಎಲೆ ಕಂಡರೆ ತಿನ್ನುತ್ತವೆ, ಬಲಿತ ಎಲೆ ಗರಗಸದ ಹಾಗಿರುತ್ತದೆ, ಮುಟ್ಟುವುದಿಲ್ಲ. ಮೊದಲ ವರ್ಷ ಜಾಲಿ ಮುಳ್ಳು ಹಚ್ಚಿ ಕಾಯಬೇಕು.

ಈಗ ಬೀದರ್. ಇಲ್ಲಿ ಹುಲ್ಲಿಗಿಂತ ಮೊದಲು ನೆಲದ ಮಾತು ಹೇಳಬೇಕು. ಬೀದರ್ ಕೂತಿರುವುದು ಕೆಂಪು ಕಲ್ಲಿನ ದಿಬ್ಬದ ಮೇಲೆ, ಪುಸ್ತಕದಲ್ಲಿ ಲ್ಯಾಟರೈಟ್ ಅನ್ನುವುದು ಇದನ್ನೇ. ಮೇಲಿನ ಗಟ್ಟಿ ಪದರ ಕಡಿದರೆ ನೆಟ್ಟಗೆ ನಿಲ್ಲುತ್ತದೆ. ಅನುಮಾನವಿದ್ದರೆ ಕೋಟೆಯ ಕಂದಕಕ್ಕೆ ಹೋಗಿ ನೋಡಿ, ಬಹಮನಿಗಳ ಕಾಲದಲ್ಲಿ ಕಡಿದ ಕಲ್ಲಿನ ಗೋಡೆ ಇನ್ನೂ ಹಾಗೇ ಇದೆ. ಅದನ್ನು ನೋಡಿಯೇ ಜನ ಮೋಸ ಹೋಗುವುದು. ಗಟ್ಟಿ ಪದರದ ಕೆಳಗೆ ಇರುವುದು ಮೆತ್ತಗಿನ ಜೇಡಿ, ಹಳದಿ ಬಿಳಿ ಚುಕ್ಕೆಯದು, ಒಣಗಿದ್ದಾಗ ಗುದ್ದಲಿಗೆ ಬಗ್ಗದು, ಒದ್ದೆಯಾದರೆ ಬೆಣ್ಣೆ. ಮೇಲಿನ ಕಲ್ಲು ತೂತು ತೂತು, ಬಿದ್ದ ಮಳೆಯನ್ನೆಲ್ಲ ಕೆಳಗೆ ಇಳಿಸುತ್ತದೆ, ಆ ನೀರು ಜೇಡಿ ಪದರಕ್ಕೆ ಬಂದು ಅಡ್ಡ ಹರಿಯುತ್ತದೆ. ಊರ ಪಕ್ಕದ ನೌಬಾದಿನಲ್ಲಿ ನೆಲದಡಿಯಿಂದ ನೀರು ತರುವ ಹಳೇ ಕರೇಜ್ ಸುರಂಗಗಳನ್ನು ತೋಡಿದವರು ನಂಬಿದ್ದು ಹೀಗೆ ಒಳಗೊಳಗೆ ಇಳಿಯುವ ನೀರನ್ನೇ. ಅವರಿಗೆ ವರವಾದದ್ದು ನಮ್ಮ ಅಡುಗೆಮನೆಯ ಹಿಂದೆ ರಾಡಿ.

ಹೀಗಾಗಿ ಮೊದಲು ನೀರಿಗೆ ದಾರಿ. ದಿಬ್ಬದ ನೆತ್ತಿಯಲ್ಲಿ ಒಂದು ಕಚ್ಚಾ ಗಟಾರ, ಮೇಲಿನ ನೀರು ಪಕ್ಕಕ್ಕೆ ಹೋಗಲಿ ಅಂತ. ಜಿನುಗುವ ಜಾಗದಲ್ಲಿ ತೂತಿನ ಪೈಪು. ಬುಡದಲ್ಲಿ ಒಂದು ಮೀಟರ್ ಕೆಂಪು ಕಲ್ಲಿನ ಗೋಡೆ, ನೀರು ಹೊರಬರಲು ಕಿಂಡಿ ಬಿಟ್ಟು. ಇಷ್ಟಾದ ಮೇಲೇ ಬಲೆ ಮತ್ತು ಹುಲ್ಲು. ಮನೆಯ ಯಜಮಾನರು "ಇಷ್ಟೆಲ್ಲಾ ಮಾಡೋದಾದ್ರ ಹುಲ್ಲ್ಯಾಕ ಬೇಕ್ರಿ?" ಅಂತ ಕೇಳಿದರು. ಪೂರ್ತಿ ನಾಲ್ಕು ಮೀಟರ್ ಗೋಡೆಯ ಎಸ್ಟಿಮೇಟು ತೋರಿಸಿದೆ. ಮುಂದೆ ಕೇಳಲಿಲ್ಲ.

ನಾರಿನ ಬಲೆ ಅಂದರೆ ತೆಂಗಿನ ಹುರಿಯಿಂದ ನೇಯ್ದ ದೊಡ್ಡ ಕಣ್ಣಿನ ಹಾಸು, ಅಂಗಡಿಯಲ್ಲಿ ಕಾಯರ್ ಭೂವಸ್ತ್ರ ಅನ್ನುತ್ತಾರೆ. ಚದರ ಮೀಟರಿಗೆ 400, 700, 900 ಗ್ರಾಂ ಹೀಗೆ ತೂಕದ ಮೇಲೆ ಸಿಗುತ್ತದೆ, ಇದಕ್ಕೆ ಐಎಸ್ 15869 ಅನ್ನುವ ಮಾನಕವೂ ಇದೆ. 400ರದು ತಂದೆ, ಚದರ ಮೀಟರಿಗೆ 65 ರೂಪಾಯಿ, ಒಟ್ಟು 130 ಚದರ ಮೀಟರ್. ಹುಲ್ಲು ಬೇರು ಬಿಡುವ ತನಕ ಮಣ್ಣನ್ನು ಮಳೆಹನಿಯಿಂದ ಕಾಯುವುದಷ್ಟೇ ಇದರ ಕೆಲಸ. ಎರಡು ಮೂರು ವರ್ಷಕ್ಕೆ ಅಲ್ಲೇ ಕೊಳೆತು ಮಣ್ಣಾಗುತ್ತದೆ, ಅಷ್ಟರೊಳಗೆ ಹುಲ್ಲು ಕೆಲಸ ವಹಿಸಿಕೊಂಡಿರಬೇಕು. ಸೆಣಬಿನದು ಇನ್ನೂ ಸಸ್ತಾ, ಆದರೆ ಒಂದೇ ಮಳೆಗಾಲಕ್ಕೆ ಹೋಗುತ್ತದೆ.

ಮೂರೂವರೆ ಅಂಕ ಯಾಕೆ ಅಂದರೆ, ಬಲೆ ಒಳ್ಳೆಯದು, ಹಾಸುವ ಕೆಲಸ ಯಾರಿಗೂ ಬಾರದು. ನರ್ಸರಿ ಕಳಿಸಿದ ಹುಡುಗರು ಸೀರೆ ಒಣಹಾಕಿದಂತೆ ಮೇಲಿನಿಂದ ಇಳಿಬಿಟ್ಟು ಅಲ್ಲಲ್ಲಿ ಮೊಳೆ ಹೊಡೆದರು. ಬಲೆ ನೆಲಕ್ಕೆ ಅಂಟಿಕೊಳ್ಳದೆ ಉಬ್ಬುತಗ್ಗಿನ ಮೇಲೆ ತೇಲುತ್ತಿತ್ತು. ಹೀಗಿದ್ದರೆ ನೀರು ಬಲೆಯ ಕೆಳಗೆ ಹರಿದು ಮಣ್ಣನ್ನು ಒಳಗೊಳಗೇ ಒಯ್ಯುತ್ತದೆ, ಮೇಲಿನಿಂದ ನೋಡಿದರೆ ಎಲ್ಲ ಚೆಂದ. ಎಲ್ಲ ಬಿಚ್ಚಿಸಿದೆ. ನೆಲ ಸವರಿಸಿ, ನೆತ್ತಿಯಲ್ಲಿ ಒಂದಡಿ ಆಳದ ಕಾಲುವೆ ತೋಡಿ ಬಲೆಯ ತುದಿಯನ್ನು ಅದರಲ್ಲಿ ಹೂತು, ಪಟ್ಟಿಯ ಮೇಲೆ ಪಟ್ಟಿ ಗೇಣಿನಷ್ಟು ಬರುವಂತೆ ಹಾಸಿ, 6 ಎಂಎಂ ಸರಳಿನ ಯು ಪಿನ್ನು ಮೀಟರಿಗೊಂದು ಹೊಡೆಸಿದೆ. ಪಿನ್ನಿನ ದುಡ್ಡು ಕೊಟೇಶನ್ನಿನಲ್ಲಿ ಇರಲಿಲ್ಲ. ನೀವು ತರಿಸುವುದಾದರೆ ಅದನ್ನು ಮೊದಲೇ ಬರೆಸಿಕೊಳ್ಳಿ.

ಬಲೆಯ ಕಣ್ಣಲ್ಲಿ ಕೈ ತೂರಿಸಿ ನಾಲ್ಕು ಸಾಲು ಹಚ್ಚಿದ್ದು, ಎಂಟುನೂರು ಸಸಿ. ಮೊದಲ ಮಳೆಗಾಲದಲ್ಲಿ ನಿಜವಾಗಿ ಕೆಲಸ ಮಾಡಿದ್ದು ಬಲೆ, ಎರಡನೆಯದರಲ್ಲಿ ಹುಲ್ಲು. ಅಡುಗೆಮನೆಯ ಹಿಂದೆ ಈಗ ಬರುವುದು ತಿಳಿ ನೀರು. ಬಲಗಡೆ ಮೂಲೆಯಲ್ಲಿ ಮಾತ್ರ ಹುಲ್ಲು ಸೊರಗಿದೆ, ಅಲ್ಲಿ ಪಕ್ಕದವರ ಬೇವಿನ ಮರದ ನೆರಳು. ಲಾವಂಚಕ್ಕೆ ಬಿಸಿಲು ತಪ್ಪಿದರೆ ಏಳಿಗೆಯಿಲ್ಲ. ಬೇವು ಕಡಿಯಲು ಪಕ್ಕದವರು ಒಪ್ಪಲಿಲ್ಲ, ನಾನು ಕೇಳಿಸಲೂ ಬಾರದಿತ್ತು. ಆ ಮೂಲೆಗೆ ಲಕ್ಕಿ ಗಿಡದ ಕಡ್ಡಿ ಊರಿಸಿದ್ದೇನೆ, ಬದುಕಿವೆ.

ಬೇರು ಎಷ್ಟು ಇಳಿದಿದೆ ಅಂತ ನೋಡುವ ಅವಕಾಶ ಅಚಾನಕ್ ಸಿಕ್ಕಿತು. ಕರೆಂಟಿನ ಕಂಬಕ್ಕೆ ಕೆಳಗಿನ ಸಾಲಿನ ಪಕ್ಕದಲ್ಲೇ ಗುಂಡಿ ತೋಡಿದರು. ಗುಂಡಿಯ ಗೋಡೆಯಲ್ಲಿ ಬೇರುಗಳು ಕಾಣುತ್ತಿದ್ದವು: ದಾರದಷ್ಟು ದಪ್ಪ, ಕಂದು ಹಳದಿ, ಕವಲು ಕಡಿಮೆ, ಒಂದರ ಪಕ್ಕ ಒಂದು ನೆಟ್ಟಗೆ ಇಳಿದಿದ್ದವು. ನನ್ನ ಎದೆಮಟ್ಟದ ಗುಂಡಿ, ತಳದಲ್ಲೂ ಬೇರು ಇತ್ತು. ಒಂದನ್ನು ಹಿಡಿದು ಎಳೆದೆ. ಕಿತ್ತುಬರಲಿಲ್ಲ, ಬೆರಳಿಗೆ ಗೀರು ಬಿತ್ತು. ಮಣ್ಣು ಹೆಂಟೆ ಹೆಂಟೆಯಾಗಿ ಬೇರಿಗೆ ಅಂಟಿಕೊಂಡು ನಿಂತಿತ್ತು, ಬೇರಿಲ್ಲದ ಎದುರು ಗೋಡೆ ಅಷ್ಟರಲ್ಲೇ ಉದುರಲು ಶುರುವಾಗಿತ್ತು. ಗುಂಡಿ ತೋಡುತ್ತಿದ್ದವನು ತಲೆಯೆತ್ತಿ, "ಕೂಲರ್ ವಾಸ್ನಿ ಬರ್ಲಾಕತ್ತದಲ್ರಿ" ಅಂದ. ಎದೆಮಟ್ಟ ಅಂದರೂ ಅದು ಮೇಲಿನ ಒಂದೂವರೆ ಮೀಟರಿನ ಲೆಕ್ಕ. ಅಷ್ಟು ದಪ್ಪದ ಜಾರಿಕೆಗೆ ಈ ಹುಲ್ಲು ಸಾಕು. ಅದಕ್ಕಿಂತ ಆಳದಿಂದ ದಿಬ್ಬವೇ ಜರುಗುತ್ತಿದ್ದರೆ ಹುಲ್ಲಿನ ಹತ್ತಿರ ಹೋಗಬೇಡಿ, ಎಂಜಿನಿಯರನ್ನು ಕರೆಸಿ. ಇನ್ನೊಂದು ಎಚ್ಚರಿಕೆ: ಬೇರಿಗೆ ಬೆಲೆ ಇದೆ ಅಂತ ಯಾರಾದರೂ ಕೀಳಲು ಬಂದರೆ ಬಿಡಬೇಡಿ. ಬೇರು ಮಾರಿದ ದಿನ ದಿಬ್ಬ ಮಾರಿದ ಹಾಗೆ.

ಇಷ್ಟರವರೆಗೆ ಹೊಗಳಿದ್ದಾಯಿತು. ನರ್ಸರಿಯ ಅಂಕ ಕಡಿಮೆ ಆದದ್ದಕ್ಕೆ ನಿಜವಾದ ಕಾರಣ ನಿಂಬೆ ಹುಲ್ಲಲ್ಲ, ಇದು: ಅವರು ಇದೇ ಸಸಿಯನ್ನು ಕಸದ ಗುಡ್ಡಕ್ಕೂ ಮಾರಲು ಹೊರಟಿದ್ದಾರೆ. ನಮ್ಮ ಪರಿಚಯದ ಒಂದು ಊರಿನ ಸ್ಥಳೀಯ ಸಂಸ್ಥೆಯವರಿಗೆ, ಊರ ಹೊರಗಿನ ಕಸದ ರಾಶಿಯ ಮೇಲೆ ಮಣ್ಣು ಹಾಕಿ ಲಾವಂಚ ಹಚ್ಚಿದರೆ ಹಸಿರು ಗುಡ್ಡವಾಗುತ್ತದೆ, ವಾಸನೆ ಹೋಗುತ್ತದೆ ಅಂತ ಹೇಳಿದ್ದರು. ಆ ಸಂಸ್ಥೆಯವರು ನನ್ನನ್ನು ಕೇಳಿದರು. ನಾನು ಆಗ ಜಾರಿಯಲ್ಲಿದ್ದ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳನ್ನು ಬಿಚ್ಚಿ ಮುಂದಿಟ್ಟೆ.

ಅದರಲ್ಲಿ ಭೂಭರ್ತಿ ಜಾಗ, ಅಂದರೆ ಕಸ ತುಂಬಿಸುವ ನೆಲ, ಮುಚ್ಚುವ ಕ್ರಮ ಸ್ಪಷ್ಟವಾಗಿತ್ತು. ಕಸದ ಮೇಲೆ 60 ಸೆಂ.ಮೀ. ಜೇಡಿಮಣ್ಣಿನ ತಡೆ ಪದರ, ನೀರು ಒಳಗೆ ಇಳಿಯಬಾರದು ಅಂತ. ಅದರ ಮೇಲೆ 15 ಸೆಂ.ಮೀ. ನೀರು ಹರಿದುಹೋಗುವ ಪದರ. ಅದರ ಮೇಲೆ 45 ಸೆಂ.ಮೀ. ಗಿಡ ಬೆಳೆಯುವ ಮಣ್ಣು. ಹಚ್ಚುವ ಗಿಡ ಬಹುವರ್ಷದ್ದಾಗಿರಬೇಕು, ತಿನ್ನುವಂಥದ್ದಾಗಿರಬಾರದು, ಬರ ತಾಳಬೇಕು, ಬಡ ಮಣ್ಣಲ್ಲಿ ಬೆಳೆಯಬೇಕು. ಇಷ್ಟರಲ್ಲೂ ಲಾವಂಚ ಪಾಸು. ಮುಂದಿನ ಮಾತಿಗೆ ನಪಾಸು: ಕಸದ ರಾಶಿ ಸ್ಥಿರವಾಗುವ ತನಕ ಗಿಡದ ಬೇರು 30 ಸೆಂ.ಮೀ.ಗಿಂತ ಕೆಳಗೆ ಇಳಿಯಬಾರದು. ಯಾಕೆ ಅಂತ ಹೇಳಬೇಕಾಗಿಲ್ಲ. ಕಂಬದ ಗುಂಡಿಯಲ್ಲಿ ಕಂಡ ಆ ಬೇರು ಜೇಡಿ ಪದರವನ್ನು ತೂರಿತು ಅಂದರೆ ಮಳೆ ನೀರು ಅದೇ ದಾರಿಯಲ್ಲಿ ಕಸಕ್ಕೆ ಇಳಿಯುತ್ತದೆ, ಕಸದ ಕಪ್ಪು ರಸ ಇನ್ನಷ್ಟು ಹೆಚ್ಚುತ್ತದೆ. ಒಡ್ಡಿಗೆ ವರವಾದ ಗುಣವೇ ಇಲ್ಲಿ ದೋಷ.

ಅದೂ ಸರಿಯಾಗಿ ಕಟ್ಟಿದ ಭೂಭರ್ತಿಯ ಮಾತು. ನಮ್ಮ ಊರುಗಳ ಹೊರಗೆ ಇರುವುದು ತಳಪದರವೂ ಇಲ್ಲದ, ಬೇಸಿಗೆಯಲ್ಲಿ ಹೊಗೆಯಾಡುವ ಬರಿ ರಾಶಿ. ಒಳಗೆ ಕಸ ಕೊಳೆಯುವಾಗ ಮೀಥೇನ್ ಏಳುತ್ತದೆ, ಅದು ಮೇಲಿನ ಮಣ್ಣಿನಲ್ಲಿರುವ ಗಾಳಿಯನ್ನು ಹೊರದಬ್ಬುತ್ತದೆ, ಬೇರಿಗೆ ಉಸಿರು ಸಿಗದೆ ಗಿಡ ಹಳದಿಯಾಗಿ ಸಾಯುತ್ತದೆ. ಅಂಥಲ್ಲಿ ಮೊದಲು ಹಳೇ ಕಸವನ್ನು ಜರಡಿ ಹಿಡಿದು ಬೇರ್ಪಡಿಸುವ ಬಯೋಮೈನಿಂಗ್ ಆಗಬೇಕು, ಮೇಲೆ ಹಸಿರು ಸೆರಗು ಹೊದಿಸುವುದಲ್ಲ. ಹಾಗಂತ ಲಾವಂಚಕ್ಕೆ ಅಲ್ಲಿ ಕೆಲಸವೇ ಇಲ್ಲ ಅಂತಲ್ಲ. ಉಪ್ಪು, ಆಮ್ಲ, ಭಾರಲೋಹ ಎಲ್ಲ ತಾಳುವ ಹುಲ್ಲಿದು. ಆಸ್ಟ್ರೇಲಿಯಾ, ಚೀನಾಗಳಲ್ಲಿ ಕಸದ ರಾಶಿಯಿಂದ ಸೋರುವ ನೀರನ್ನು ಹೀರಿಸಲು ಇದನ್ನು ಬಳಸಿದ್ದಾರೆ. ರಾಶಿಯ ಬುಡದಾಚೆ, ಸೋರು ನೀರು ಹಳ್ಳಕ್ಕೆ ಸೇರುವ ದಾರಿಯಲ್ಲಿ ನಾಲ್ಕು ಸಾಲು ಹಚ್ಚಿದರೆ ಪ್ರಯೋಜನ ಇದೆ. ಅಲ್ಲಿ ಬೆಳೆದ ಹುಲ್ಲನ್ನು ದನಕ್ಕೆ ಹಾಕಬಾರದು, ಬೇರನ್ನು ಮಡಕೆಗಂತೂ ಹಾಕಲೇಬಾರದು. ಇದನ್ನೆಲ್ಲ ನರ್ಸರಿಯವರಿಗೆ ಫೋನಿನಲ್ಲಿ ಹೇಳಿದೆ. "ಮೇಡಂ, ಗಿರಾಕಿ ಕೇಳ್ತಾರ, ನಾವ್ ಕೊಡ್ತೀವಿ" ಅಂದರು. ಅದಕ್ಕೇ ಎರಡೂವರೆ.

ಖರ್ಚಿನ ಲೆಕ್ಕ ಕೇಳುವವರಿಗೆ: ಆಳಂದದಲ್ಲಿ ಸಸಿಗೆ ಆರು ಸಾವಿರ, ಸಾಗಣೆ ಮತ್ತು ಆಳಿನ ಪಗಾರ ಸೇರಿ ಅದಕ್ಕಿಂತ ತುಸು ಹೆಚ್ಚು. ಜೆಸಿಬಿ ಬಾಡಿಗೆ ಬೇರೆ. ಬೀದರಿನಲ್ಲಿ ಸಸಿಗೆ ಎಂಟು ಸಾವಿರ, ಬಲೆಗೆ ಎಂಟೂವರೆ, ಪಿನ್ನು ಮತ್ತು ಕೂಲಿ ಮೇಲೆ. ಬುಡದ ಕಲ್ಲಿನ ಗೋಡೆ ಇವೆಲ್ಲಕ್ಕಿಂತ ದುಬಾರಿ ಆಯಿತು, ಆದರೂ ಪೂರ್ತಿ ಗೋಡೆಯ ಎಸ್ಟಿಮೇಟಿನ ಅರ್ಧಕ್ಕೂ ಬರಲಿಲ್ಲ. ನಿರ್ವಹಣೆ ಅಂದರೆ ವರ್ಷಕ್ಕೆ ಎರಡು ಸಲ ಮೊಣಕಾಲಿಗಿಂತ ಕೆಳಕ್ಕೆ ಸವರುವುದು. ಸವರಿದ ಎಲೆಯನ್ನು ಮೈದುನ ಈಗ ಬದನೆ ಗಿಡಗಳ ಬುಡಕ್ಕೆ ಹಾಸುತ್ತಾನೆ, ಪಕ್ಕದ ಹೊಲದವರಿಗೆ ತೆಂಡೆಯನ್ನೂ ಹಂಚಿದ್ದಾನೆ, ಪುಕ್ಕಟೆ ಅಲ್ಲ ಅಂತ ಕೇಳಿದ್ದೇನೆ.

ಈ ಜೂನಿಗೆ ಚಿಂಚೋಳಿ ಕಡೆ ಇನ್ನೊಂದು ಕೆಲಸ ಇದೆ. ಸಸಿ ಮೈದುನನಿಂದಲೇ ತರುತ್ತೇನೆ, ಎರಡೂವರೆ ರೂಪಾಯಿಗೆ ಚೌಕಾಸಿ ನಡೆದಿದೆ. ಬಲೆ ಮಾತ್ರ ನರ್ಸರಿಯಿಂದ, ಹಾಸುವ ಹುಡುಗರು ಬೇಡ, ಅದೇ ಡ್ರೈವರನ್ನು ಕಳಿಸಿ ಅಂತ ಹೇಳಿದ್ದೇನೆ.